ಕೊನೆಯ ಕಂತಿನ ಬಗ್ಗೆ ನಾನಾಡಿದ ಮಾತು

ಈ ಮಾತನ್ನೆಲ್ಲ ನಾನು ಊರ ಹೊಸ ಸರಹದ್ದಿನ ಕಲ್ಲು ದಾಟಿ, ಇಟ್ಟಿಗೆ ಭಟ್ಟಿಯ ಆಚೆ ಬೇವಿನ ಗಿಡದ ಕೆಳಗೆ ಕೂತು ಹೇಳುತ್ತಿದ್ದೇನೆ. ಕೂರುವ ಮೊದಲು ಕಲ್ಲನ್ನು ಮುಟ್ಟಿ ನೋಡಿದೆ, ಅದರ ಮೇಲಿನ ಅಕ್ಷರ ಓದಿದೆ, ಇರಲಿ ಅಂತ ಇನ್ನಷ್ಟು ದೂರ ನಡೆದೆ. ಇಷ್ಟು ಪುಕ್ಕಲಿ ನಾನಲ್ಲ. ಮೊದಲು ಆಗಿರಲಿಲ್ಲ.

ನಮ್ಮೂರಲ್ಲಿ ಪಿಕ್ಚರ್ ನೋಡುವುದಕ್ಕೆ ಅಡ್ಡಿಯಿಲ್ಲ. ಧಾರಾವಾಹಿ ನೋಡುವುದಕ್ಕೂ ಇಲ್ಲ. ನೋಡಿದ ಮೇಲೆ ಅದರ ಬಗ್ಗೆ ಬಾಯಿ ಬಿಟ್ಟರೆ ಮಾತ್ರ ಆ ಮಾತು ಹೇಳಿದವರ ಮನೆಯನ್ನು ಹುಡುಕಿಕೊಂಡು ಬರುತ್ತದೆ. ಬೈದರೂ ಬರುತ್ತದೆ, ಹೊಗಳಿದರೂ ಬರುತ್ತದೆ. ಬ್ಯಾಂಕಿನ ಗುಮಾಸ್ತರೊಬ್ಬರು ಅಳುವ ಪಿಕ್ಚರ್ ಒಂದನ್ನು ನೋಡಿ ಬಂದು, ಇಂಥದ್ದು ನೋಡಿ ಹೊಟ್ಟೆ ತುಂಬ ಅಳಬೇಕು ಅಂದರಂತೆ. ಆಮೇಲೆ ಅವರು ಕೌಂಟರಿನಲ್ಲಿ ಕೂತು ನೋಟು ಎಣಿಸುವಾಗಲೂ ಅಳುತ್ತಿದ್ದರು. ಫೋಟೋ ಸ್ಟುಡಿಯೋದ ಬಸಲಿಂಗನ ಕಥೆ ಇನ್ನೂ ಕೆಟ್ಟದ್ದು. ಕೂಡಿಬಾಳುವ ಅಣ್ಣತಮ್ಮಂದಿರ ಹಿಂದಿ ಪಿಕ್ಚರ್ ನೋಡಿ, ಇವರು ಮೊದಲೇ ಬೇರೆಯಾಗಿದ್ದರೆ ಇಷ್ಟು ರಂಪ ಇರುತ್ತಿರಲಿಲ್ಲ ಅಂದುಬಿಟ್ಟ. ತನ್ನ ಮನೆಯಲ್ಲಿ ಜಗಳ ಹೊಗೆಯಾಡತೊಡಗಿದ್ದೇ ತಡ, ಓಡಿಹೋಗಿ ದೇವರ ಮುಂದೆ ತೆಂಗಿನಕಾಯಿ ಒಡೆದು, ಪಿಕ್ಚರ್ ಬಹಳ ಚಲೋ ಇತ್ತು ಅಂತ ಕೂಗಿದ. ಆದರೆ ಅದು ಬರೀ ತುಟಿಯ ಮೇಲಿನ ಮಾತು, ಗಂಟಲಿನಿಂದ ಕೆಳಗೆ ಇಳಿದದ್ದಲ್ಲ. ಈಗ ಅವರ ಅಡುಗೆಮನೆಯ ನಡುವೆ ಗೋಡೆ ಬಂದಿದೆ. ಒಲೆ ಇವನ ಕಡೆ, ನೀರಿನ ಹಂಡೆ ಅಣ್ಣನ ಕಡೆ. ಮತ್ತೊಮ್ಮೆ ನೋಡಿ, ಮನಸ್ಸು ನಿಜವಾಗಿ ತಿರುಗಿ, ಬೇರೆ ಮಾತು ಹೊರಟರೆ ಮಾತ್ರ ಮೊದಲಿನದು ಬಿಡುತ್ತದೆ ಅನ್ನುವುದು ನಮಗೆಲ್ಲ ಗೊತ್ತಾದದ್ದು ಆಗಲೇ.

ಹಾಗಂತ ಯಾರೂ ಪಿಕ್ಚರ್ ಬಿಟ್ಟಿಲ್ಲ. ಬೇರೆ ಊರಲ್ಲಿ ಚುರುಮುರಿ ಮಾರುವುದು ಇಂಟರ್ವಲ್ಲಿನಲ್ಲಿ, ನಮ್ಮ ಟಾಕೀಸಿನಲ್ಲಿ ಆಟ ಬಿಡುವಾಗ. ಬಾಗಿಲಲ್ಲೇ ಪೊಟ್ಟಣ ಕೊಂಡು ಬಾಯಿ ತುಂಬ ತುರುಕಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಎಲ್ಲರೂ ಹಳ್ಳದ ಸೇತುವೆಯ ಕಡೆ ನಡೆಯುತ್ತಿದ್ದೆವು. ಸೇತುವೆಯ ಕೊನೆಗೆ ಊರ ಸರಹದ್ದಿನ ಕಲ್ಲು. ಕಲ್ಲಿನ ಆಚೆ ದಾದಾಪೀರನ ಚಹಾದಂಗಡಿ. ಕಲ್ಲಿನ ಆಚೆ ಆಡಿದ ಮಾತು ಯಾರ ಮನೆಗೂ ಬರುವುದಿಲ್ಲ. ಕಲ್ಲು ದಾಟಿ ಬಾಯಿ ಖಾಲಿ ಮಾಡಿಕೊಂಡೆವು ಅಂದರೆ ಆಗ ನೋಡಬೇಕು ನಮ್ಮ ಸಂಭ್ರಮ. ದಾದಾಪೀರ ಒಂದು ಕಡೆಯಿಂದ ಚಹಾ ಸೋಸುತ್ತ ತಾನೂ ಎರಡು ಮಾತು ಸೇರಿಸುತ್ತಿದ್ದ.

ಅಲ್ಲಿ ನನ್ನ ಮಾತಿಗೆ ಬೆಲೆ ಇತ್ತು. ನನ್ನದು ಪೇಟೆಯಲ್ಲಿ ಸೀರೆಗೆ ಫಾಲ್ ಹಚ್ಚಿ ಪಿಕೋ ಮಾಡುವ ಸಣ್ಣ ಅಂಗಡಿ. ಮಶೀನಿನ ಪಕ್ಕ ಮೊಬೈಲು ಒರಗಿಸಿಕೊಂಡು ಬೇಕಾದಷ್ಟು ಹಿಂದಿ ಧಾರಾವಾಹಿ ನೋಡುತ್ತೇನೆ, ಟಾಕೀಸಿಗೆ ಬಂದ ಒಂದೂ ಪಿಕ್ಚರ್ ಬಿಡುವುದಿಲ್ಲ. ನನ್ನ ಅಭಿಪ್ರಾಯ ಮುಚ್ಚುಮರೆಯದ್ದಲ್ಲ. ಈಗಿನ ಹಿಂದಿ ಹೀರೋಗಳಿಗೆ ಗಡ್ಡ, ರಕ್ತ, ಸಿಗರೇಟು ಮೂರು ಕೊಟ್ಟರೆ ಸಾಕು, ಕಥೆ ಕೇಳುವುದೇ ಇಲ್ಲ. ಒಂದು ಪಿಕ್ಚರಿಗೆ ಆಗುವಷ್ಟು ಕಥೆಯನ್ನು ಎಳೆದು, ಉಳಿದದ್ದು ಎರಡನೇ ಭಾಗದಲ್ಲಿ ಅಂತ ಮನೆಗೆ ಕಳಿಸುತ್ತಾರೆ, ಅರ್ಧ ಊಟದಿಂದ ಎಬ್ಬಿಸಿದ ಹಾಗೆ. ಹಳೆಯ ಹಾಡಿಗೇ ಡೋಲು ಬಡಿದು ಹೊಸದು ಅನ್ನುತ್ತಾರೆ. ಇನ್ನು ಮೊಬೈಲಿನಲ್ಲಿ ಬರುವ ಸೀರೀಸುಗಳಲ್ಲಿ ಮೊದಲ ಕಂತಿಗೊಂದು ಹೆಣ ಬೀಳಬೇಕು, ಪೊಲೀಸಿನವನಿಗೆ ಹೆಂಡತಿಯ ಜೊತೆ ಮಾತಿರಬಾರದು, ಎಲ್ಲರೂ ಕತ್ತಲೆಯಲ್ಲೇ ಊಟ ಮಾಡಬೇಕು. ಒಂದು ಲೈಟು ಹಾಕಿಕೊಂಡರೆ ಅರ್ಧ ಗುಟ್ಟು ಅಲ್ಲೇ ಬಯಲಾಗುತ್ತದೆ. ನಾನು ಹೀಗೆ ಶುರು ಮಾಡಿದರೆ ಚಹಾ ಆರುವುದೂ ಜನಕ್ಕೆ ತಿಳಿಯುತ್ತಿರಲಿಲ್ಲ. ನಮ್ಮ ಮನೆಯವರು ಮಾತ್ರ ಬೆಂಚಿನ ತುದಿಗೆ ಕೂತು ಬಿಸ್ಕೀಟು ಅದ್ದಿ ತಿನ್ನುತ್ತಿದ್ದರು. ಮದುವೆಯಾದಾಗಿನಿಂದ ಅವರು ಯಾವ ಪಿಕ್ಚರಿನ ಬಗ್ಗೆಯೂ, ಕಲ್ಲಿನ ಆಚೆಗಾಗಲಿ ಈಚೆಗಾಗಲಿ, ಒಂದು ಮಾತು ಆಡಿದವರಲ್ಲ.

ಮಗಳು ನೀಲಾ ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ಕಾಲು ಊದಿಕೊಂಡು ಹೊರಗೆ ಹೋಗುವಂತಿರಲಿಲ್ಲ. ಮಧ್ಯಾಹ್ನ ಹೊತ್ತು ಹೋಗಲಿ ಅಂತ ಇಬ್ಬರೂ ಕೂಡಿ ಒಂದು ಹಿಂದಿ ಸೀರೀಸು ನೋಡಿದೆವು. ಒಂದು ಗುಡ್ಡದ ಊರು, ಅಲ್ಲೊಬ್ಬ ತಾಯಿ, ಅವಳೊಬ್ಬ ಮಗಳು. ಕಥೆಯುದ್ದಕ್ಕೂ ಇಬ್ಬರೂ ಶರಂಪರ ಜಗಳ. ಕೊನೆಯ ಕಂತಿನಲ್ಲಿ ಮಗಳಿಗೆ ಬೇನೆ ಬರುತ್ತದೆ, ದಾರಿಯೆಲ್ಲ ನೀರು ತುಂಬಿರುತ್ತದೆ, ಆಸ್ಪತ್ರೆಯಲ್ಲಿ ಕರೆಂಟಿಲ್ಲ, ಡಾಕ್ಟರಿಲ್ಲ. ಇನ್ನೇನು ಮುಗಿಯಿತು ಅನ್ನುವಾಗ ಡಾಕ್ಟರಮ್ಮ ಜೆಸಿಬಿಯ ಬಕೆಟ್ಟಿನಲ್ಲಿ ಕೂತು ನೀರು ದಾಟಿ ಬರುತ್ತಾಳೆ. ಮಗಳು ಬದುಕುತ್ತಾಳೆ, ಕೂಸು ಅಳುತ್ತದೆ, ಎಲ್ಲರೂ ಒಳಗೆ ಓಡುತ್ತಾರೆ. ಅಲ್ಲಿಗೆ ಮುಗಿಯಿತು. ನೀಲಾ ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದಳು. ನಮ್ಮೂರಲ್ಲೇ ಹುಟ್ಟಿದವಳು, ತುಟಿ ಬಿಚ್ಚಲಿಲ್ಲ. ನನಗೋ ಒಳಗೆ ಕುದಿಯುತ್ತಿತ್ತು. ಬಾಯಿಗೆ ಅಡಿಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿ ಸೇತುವೆಯ ಕಡೆ ಹೊರಟೆ.

ದಾದಾಪೀರನ ಅಂಗಡಿಯಲ್ಲಿ ಅವತ್ತು ನೆರೆದ ಜನ ಜಾಸ್ತಿ. ಗಣಿತ ಕಲಿಸಿ ನಿವೃತ್ತರಾದ ಚಂಬಣ್ಣ ಮಾಸ್ತರು ಮುಂದೆಯೇ ಕೂತಿದ್ದರು. ಅಡಿಕೆ ಉಗಿದು ಶುರು ಮಾಡಿದೆ. ಜೆಸಿಬಿಗೆ ನಕ್ಕೆ, ಬೇಕಾದಾಗ ಬರುವ ಕರೆಂಟಿಗೆ ನಕ್ಕೆ. ಆ ತಾಯಿಯನ್ನು ಚಹಾದ ಫ್ಲಾಸ್ಕು ಹಿಡಿಸಿ ಬಾಗಿಲ ಹೊರಗೆ ನಿಲ್ಲಿಸಿ, ಕೊನೆಗೆ ಅವಳನ್ನು ಮರೆತೇಬಿಟ್ಟಿದ್ದಾರೆ, ಇಂಥ ತಪ್ಪು ಹೊಸಬನೂ ಮಾಡುವುದಿಲ್ಲ ಅಂದೆ. ಜನ ತಲೆದೂಗಿದರು. ತಲೆದೂಗಿದಷ್ಟೂ ನನ್ನ ನಾಲಿಗೆ ಉದ್ದವಾಯಿತು. ನಾಲಿಗೆಗೆ ಎಲುಬಿಲ್ಲ ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

"ಆ ಮಗಳನ್ನ ಬದುಕಿಸಿದ್ದ ತಪ್ಪು ನೋಡ್ರಿ," ಅಂದೆ. "ಆಕಿ ಸಾಯಬೇಕಿತ್ತು. ಸತ್ತಿದ್ದರ ಕಥಿಗೊಂದು ತೂಕ ಬರತಿತ್ತು."

ಭೇಷ್ ಅಂದರು ಮಾಸ್ತರು. ದಾದಾಪೀರ ನನ್ನ ಗ್ಲಾಸಿಗೆ ಇನ್ನಷ್ಟು ಚಹಾ ಸುರಿದ. ಆಮೇಲೆ ಮಾಸ್ತರ ಸರದಿ. ಅವರು ಟಾಕೀಸಿನಲ್ಲಿ ನಡೆಯುತ್ತಿದ್ದ ಪಿಕ್ಚರನ್ನು ಹಿಡಿದುಕೊಂಡರು. ಅದರಲ್ಲಿ ಹೀರೋ ಮೀಸೆ ಬೋಳಿಸಿಕೊಂಡು ಬಂದರೆ ಅವನ ಹೆಂಡತಿಗೇ ಗುರುತು ಸಿಗುವುದಿಲ್ಲ. ಮೀಸೆ ತೆಗೆದ ಮಾತ್ರಕ್ಕೆ ಕಟ್ಟಿಕೊಂಡ ಹೆಂಡತಿಗೆ ಗಂಡ ಯಾರೆಂದು ತಿಳಿಯದೆ ಹೋಗುತ್ತದೆಯೇ, ಪ್ರೇಕ್ಷಕರನ್ನು ಇವರು ಏನಂದುಕೊಂಡಿದ್ದಾರೆ ಅಂತ ಬೆಂಚು ಗುದ್ದಿ ಕೇಳಿದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮರುದಿನ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವುದಕ್ಕೂ ಮಾಸ್ತರು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಮೀಸೆ ಇರಲಿಲ್ಲ. ಕ್ಷೌರಿಕನ ಕತ್ತರಿ ಒಂದು ಕಡೆ ಹೆಚ್ಚು ಓಡಿ, ಸರಿ ಮಾಡಲು ಹೋಗಿ, ಪೂರ್ತಿ ಬೋಳಿಸಬೇಕಾಯಿತಂತೆ. ಮನೆಗೆ ಹೋದರೆ ಹೆಂಡತಿ, ಯಾರು ಬೇಕಾಗಿತ್ತು, ಯಜಮಾನರು ಹೊರಗೆ ಹೋಗಿದ್ದಾರೆ ಅಂತ ಹೇಳಿ ಬಾಗಿಲು ಹಾಕಿಕೊಂಡಳಂತೆ. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡು ಕಿಟಕಿಯಲ್ಲಿ ಇಣುಕಿದ್ದಕ್ಕೆ ನೆರೆಯವರನ್ನು ಕೂಗಿ ಕರೆದಳಂತೆ. ಹೇಳುತ್ತ ಹೇಳುತ್ತ ಮಾಸ್ತರು ಬೋಳು ತುಟಿಯನ್ನು ಕೈಯಿಂದ ಮುಚ್ಚಿಕೊಂಡರು.

"ಕಸ್ತೂರಕ್ಕಾರ, ನಾನು ಕಲ್ಲಿನ ಆಚಿಗೇ ಅಂದಿದ್ದೆನಲ್ರಿ?" ಅಂದರು.

ಬಾಗಿಲು ಎಳೆದುಕೊಂಡು ಇಬ್ಬರೂ ಸೇತುವೆಗೆ ಓಡಿದೆವು. ಕಲ್ಲಿದ್ದ ಜಾಗದಲ್ಲಿ ಒಂದು ಗುಂಡಿ ಇತ್ತು, ಮಣ್ಣು ಇನ್ನೂ ಹಸಿಯಾಗಿತ್ತು; ನಿನ್ನೆ ಮಾತಿನ ಭರದಲ್ಲಿ ಯಾರೂ ಅತ್ತ ನೋಡಿರಲಿಲ್ಲ. ದಾದಾಪೀರನನ್ನೂ ಕರೆದುಕೊಂಡು ಮುಂದೆ ಹೋದೆವು. ಇಟ್ಟಿಗೆ ಭಟ್ಟಿ ಮುಗಿದಲ್ಲಿ, ಜಾಲಿಯ ಮರೆಯಲ್ಲಿ, ಹೊಸ ಸುಣ್ಣ ಬಳಿದ ಕಲ್ಲು ನಿಂತಿತ್ತು. ಅಲ್ಲಿ ಇಟ್ಟಿಗೆ ಹೊರುತ್ತಿದ್ದ ಹೆಂಗಸು, ಊರು ದೊಡ್ಡದಾಗಿದೆಯಂತೆ, ಪುರಸಭೆಯವರು ಆಟೋದಲ್ಲಿ ಮೈಕು ಕಟ್ಟಿ ಸಾರಿಕೊಂಡು ಹೋದರಲ್ಲ, ನಿಮಗೆ ಕೇಳಲಿಲ್ಲವೇ ಅಂದಳು. ಯಾವಾಗ ಅಂತ ಕೇಳಿದರೆ, ಮೊನ್ನೆ ಮಧ್ಯಾಹ್ನದ ಹೊತ್ತು ಅಂದಳು. ನಾವೆಲ್ಲ ಮ್ಯಾಟ್ನಿಯಲ್ಲಿದ್ದೆವು. ಊರಲ್ಲಿ ಈ ಸುದ್ದಿ ಯಾರಿಗೆ ಕೇಳಲೇಬೇಕಿತ್ತೋ ಅವರೆಲ್ಲ ಟಾಕೀಸಿನ ಕತ್ತಲೆಯಲ್ಲಿ ಕೂತಿದ್ದೆವು.

ದಾದಾಪೀರ ತಲೆಯ ಮೇಲೆ ಕೈಹೊತ್ತು ಕೂತ. ಮಾಸ್ತರು ಟಾಕೀಸಿನ ಕಡೆಗೇ ನಡೆದರು, ಆ ಪಿಕ್ಚರನ್ನು ಮತ್ತೆ ನೋಡಲು. ಅವರಿಗೇನು, ಮೀಸೆ ಮತ್ತೆ ಬರುತ್ತದೆ. ನಾನು ಮಾತ್ರ ಕಲ್ಲಿನ ಹತ್ತಿರವೇ ನಿಂತೆ. ನಿನ್ನೆ ಆಡಿದ್ದು ಒಂದೊಂದೇ ಶಬ್ದವಾಗಿ ನೆನಪಾಯಿತು.

ಮನೆಗೆ ಬಂದರೆ ನೀಲಾ ಕಾಲು ಚಾಚಿಕೊಂಡು ಹುರಿದ ಶೇಂಗಾ ತಿನ್ನುತ್ತಿದ್ದಳು. ಯಾಕವ್ವ, ಮುಖ ಹಿಂಗ್ಯಾಕ ಆಗೇದ ಅಂದಳು. ಬಿಸಿಲು ಅಂದೆ. ಅವತ್ತಿನಿಂದ ಅವಳು ಕೆಮ್ಮಿದರೆ ನಾನು ಎದ್ದು ಕೂರುತ್ತಿದ್ದೆ. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಲ್ಲುತ್ತಿದ್ದೆ. ಬೇರೆ ಊರ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಲೇ ಅಂತ ಯೋಚಿಸಿದೆ, ಆದರೆ ಹಿಂದೆ ಹಾಗೆ ಊರು ಬಿಟ್ಟವರೊಬ್ಬರ ಮಾತು ಅವರ ಹಿಂದಿನ ಬಸ್ಸಿನಲ್ಲೇ ಹೋಗಿ ಮುಟ್ಟಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದವಳು ನಾನು, ಒಡೆಯುವುದು ಯಾರದ್ದು? ಆ ಚಿಂತೆಯಲ್ಲಿ ನನಗೆ ಅನ್ನ ಸೇರಲಿಲ್ಲ. ಕೊನೆಗೆ ಹಿತ್ತಲಲ್ಲಿ ನಮ್ಮವರ ಮುಂದೆ ಎಲ್ಲ ಹೇಳಿಕೊಂಡು ಅತ್ತೆ. ಅವರು ಅವತ್ತು ಚಹಾದಂಗಡಿಗೆ ಬಂದಿರಲಿಲ್ಲ, ಬಸ್ ಡಿಪೋದಲ್ಲಿ ಡ್ಯೂಟಿ ಇತ್ತು. ಕೇಳಿ ನನ್ನ ಪಕ್ಕಕ್ಕೆ ಬಂದು ಕೂತರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಇನ್ನೊಮ್ಮೆ ನೋಡು," ಅಂದರು. "ಮನಸ್ಸಿಟ್ಟು ನೋಡು."

ನೋಡಿದೆ. ಅಂಗಡಿಯಲ್ಲಿ ಮಶೀನು ನಿಲ್ಲಿಸಿ, ಗಿರಾಕಿಗಳನ್ನು ವಾಪಸು ಕಳಿಸಿ, ಮೊದಲ ಕಂತಿನಿಂದ ಹಿಡಿದು ನೋಡಿದೆ. ಏನು ಮಾಡಲಿ, ಚೆನ್ನಾಗಿರಲಿಲ್ಲ! ತಾಯಿ ಮಗಳ ಜಗಳ ಚೆನ್ನಾಗಿತ್ತು, ಅದನ್ನು ಮೊದಲೇ ಒಪ್ಪಿದ್ದೆ. ಆದರೆ ಆ ಕೊನೆ ಇದೆಯಲ್ಲ, ಅದು ಸೋಮಾರಿ ಕೊನೆ. ದರ್ಜಿ ಬಟ್ಟೆ ಸಾಲದಾಗಿ ಬೇರೆ ಬಣ್ಣದ ತುಂಡು ಹಚ್ಚಿದ ಹಾಗೆ ಆ ಜೆಸಿಬಿಯನ್ನು ಹಚ್ಚಿದ್ದರು. ಕನ್ನಡಿಯ ಮುಂದೆ ನಿಂತು ಚಲೋ ಐತಿ, ಚಲೋ ಐತಿ ಅಂದೆ. ನನ್ನ ದನಿ ನನಗೇ ಬಸಲಿಂಗನ ದನಿಯ ಹಾಗೆ ಕೇಳಿಸಿತು. ಇಷ್ಟು ವರ್ಷ ಯಾರ ಮುಲಾಜಿಗೂ ಬಗ್ಗದೆ ಸುಳ್ಳು ಹೊಗಳಿಕೆ ಆಡದ ನಾಲಿಗೆ ಅಂತ ಮೆರೆದಿದ್ದೆ. ಈಗ ಆ ನಾಲಿಗೆಯೇ ಮಗಳ ಕೊರಳಿಗೆ ಬಂದಿತ್ತು. ಆ ನಿರ್ದೇಶಕ ಎಲ್ಲಿದ್ದಾನೋ, ಇನ್ನೊಂದಿಷ್ಟು ಕಷ್ಟಪಟ್ಟು ನಂಬುವಂತೆ ತೆಗೆದಿದ್ದರೆ ಅವನ ಗಂಟೇನು ಹೋಗುತ್ತಿತ್ತು ಅಂತ ಬೈದೆ. ಬೈದ ತಕ್ಷಣ ಬಾಯಿ ಮುಚ್ಚಿಕೊಂಡೆ.

ನೀಲಾಳಿಗೆ ಬೇನೆ ಶುರುವಾದದ್ದು ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ. ರಿಕ್ಷಾದಲ್ಲಿ ಊರ ಆಸ್ಪತ್ರೆಗೆ ಕರೆದೊಯ್ದೆವು. ಅಳಿಯ, ಬೀಗರು ಸುದ್ದಿ ತಿಳಿದು ಬಂದರು. ಒಳಗೆ ನರ್ಸಮ್ಮ ನಗುನಗುತ್ತಲೇ ಇದ್ದಳು, ಆಮೇಲೆ ನಗು ನಿಲ್ಲಿಸಿದಳು. ಕೂಸು ಅಡ್ಡ ತಿರುಗಿದ ಹಾಗಿದೆ, ಡಾಕ್ಟರಮ್ಮ ಬರಬೇಕು ಅಂದಳು. ಡಾಕ್ಟರ್ ಅನುಸೂಯಾ ಊಟಕ್ಕೆ ಅಂತ ಮನೆಗೆ ಹೋಗಿದ್ದರು, ಅವರ ಮನೆ ಸೇತುವೆಯ ಆಚೆ ಹೊಸ ಬಡಾವಣೆಯಲ್ಲಿ. ಫೋನು ಮಾಡಿದರೆ, ಹೊರಟಿದ್ದೇನೆ, ಆದರೆ ದಾರಿಯಿಲ್ಲ ಅಂದರು. ಊರು ದೊಡ್ಡದಾಯಿತಲ್ಲ, ಹೊಸ ಭಾಗಕ್ಕೆ ನೀರು ಕೊಡಬೇಕು ಅಂತ ರಸ್ತೆ ಅಗೆಯುತ್ತಿದ್ದರು. ದೊಡ್ಡ ಪೈಪು ಒಡೆದು, ಅಗೆದ ರಸ್ತೆಯೆಲ್ಲ ಎದೆಮಟ್ಟ ನೀರಾಗಿ ನಿಂತಿತ್ತು. ನೀರು ಕೇಬಲ್ಲಿಗೆ ಹೊಕ್ಕು ಕರೆಂಟು ಹೋಯಿತು. ಆಸ್ಪತ್ರೆ ಕತ್ತಲಾಯಿತು.

ನನಗೆ ಎಲ್ಲ ಗೊತ್ತಾಯಿತು. ಕಥೆ ನಡೆದುಕೊಂಡು ನನ್ನ ಹತ್ತಿರವೇ ಬರುತ್ತಿತ್ತು, ಈ ಸಲ ನಾನು ಬಯಸಿದ ಕೊನೆಯನ್ನು ಕೈಯಲ್ಲಿ ಹಿಡಿದುಕೊಂಡು. ನಮ್ಮವರು ನನ್ನ ಕೈಗೆ ಚಹಾದ ಫ್ಲಾಸ್ಕು ಕೊಟ್ಟು ಮೇಣದಬತ್ತಿ ತರಲು ಓಡಿದರು. ಆ ಸೀರೀಸಿನ ತಾಯಿಯ ಕೈಯಲ್ಲೂ ಫ್ಲಾಸ್ಕೇ ಇತ್ತು. ಒಳಗೆ ನೀಲಾ ಅವ್ವಾ ಅಂತ ಒಂದು ಸಲ ಚೀರಿದಳು. ಆಮೇಲೆ ಸದ್ದಿಲ್ಲ. ಆ ಸದ್ದಿಲ್ಲದಿರುವುದನ್ನು ನಾನು ಹೇಗೆ ಹೇಳಲಿ.

ಗೋಡೆಗೆ ಒರಗಿ ಮೊಬೈಲು ತೆಗೆದೆ. ಚಾರ್ಜು ಕೆಂಪಾಗಿತ್ತು. ಕೊನೆಯ ಕಂತು ಹಚ್ಚಿದೆ. ಬೀಗಿತ್ತಿ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ, ಮಗಳು ಹೀಗಿರುವಾಗ ಈಕೆ ಸೀರಿಯಲ್ ನೋಡುತ್ತಾಳಲ್ಲ ಅಂತ. ನೋಡಲಿ. ನಾನು ಕಣ್ಣು ಕೀಳಲಿಲ್ಲ. ಗುಡ್ಡದ ಊರು, ನೀರು, ಕತ್ತಲೆ. ಆ ಹುಡುಗಿಯ ಬೆವರಿದ ಹಣೆ. ಎಷ್ಟು ಸಣ್ಣ ಹುಡುಗಿ ಅದು! ಇಷ್ಟು ಸಲ ನೋಡಿದ್ದೆ, ಅವಳ ಕೆಳತುಟಿ ಕಚ್ಚಿ ಗಾಯವಾದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ದೂರದಲ್ಲಿ ಜೆಸಿಬಿಯ ಹಳದಿ ಬಣ್ಣ ಕಂಡಿತು. ನನ್ನ ಬಾಯಿಂದ ಬಾ, ಬಾ ತಾಯಿ ಅಂತ ಹೊರಟಿತು. ಹೇಗಾದರೂ ಬಾ. ಬಕೆಟ್ಟಿನಲ್ಲಿ ಬಾ, ಕೊಪ್ಪರಿಗೆಯಲ್ಲಿ ಬಾ, ನಂಬುವ ಹಾಗೆ ಬರದಿದ್ದರೂ ಪರವಾಗಿಲ್ಲ, ಬಾ. ಡಾಕ್ಟರಮ್ಮ ಇಳಿದಳು, ದೀಪ ಹತ್ತಿತು, ಕೂಸು ಅತ್ತಿತು. ನಾನು ಬಿಕ್ಕಿ ಬಿಕ್ಕಿ ಅತ್ತೆ.

"ಚಲೋ ಮಾಡ್ಯಾರ," ಅಂದೆ. "ಹಿಂಗ ಆಗಬೇಕಿತ್ತು. ಬದುಕಬೇಕಿತ್ತು ಆಕಿ."

ಮೊಬೈಲು ಆರಿಹೋಯಿತು. ಕತ್ತಲೆಯಲ್ಲಿ ನಿಂತು ಕಿವಿಯಾನಿಸಿದೆ. ಏನೂ ಇಲ್ಲ. ನನ್ನ ಮಾತು ಗಂಟಲಿನಿಂದ ಕೆಳಗಿನದ್ದೋ ಮೇಲಿನದ್ದೋ ಅಂತ ನನಗೇ ಅನುಮಾನ ಹುಟ್ಟಿತು. ಹೆದರಿ ಆಡಿದ ಮಾತು ಮನಸ್ಸಿನ ಮಾತಾಗುತ್ತದೆಯೇ? ಅಷ್ಟರಲ್ಲಿ ದೂರದಿಂದ ಗಡಗಡ ಸದ್ದು ಬಂತು. ಬೀಗರು ಬಾಗಿಲಿಗೆ ಓಡಿ, ಏನ್ರೀ ಇದು ಅಂದರು. ರಸ್ತೆ ಅಗೆಯುತ್ತಿದ್ದ ಜೆಸಿಬಿ ನೀರು ಸೀಳಿಕೊಂಡು ಬರುತ್ತಿತ್ತು. ಬಕೆಟ್ಟಿನಲ್ಲಿ ಡಾಕ್ಟರ್ ಅನುಸೂಯಾ ಕೂತಿದ್ದರು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ಚೀಲ ತಲೆಯ ಮೇಲಿಟ್ಟುಕೊಂಡು. ಯಾರ ಮುಖವನ್ನೂ ನೋಡದೆ ಒಳಗೆ ಹೋದರು. ನಾನು ನಗಲಿಲ್ಲ. ಆ ಹಳದಿ ಬಕೆಟ್ಟಿಗೆ ಕೈಮುಗಿದೆ.

ಕರೆಂಟು ಬಂತು. ಕೂಸು ಅತ್ತಿತು. ನರ್ಸಮ್ಮ ಬಾಗಿಲು ತೆರೆದು, ಹೆಣ್ಣು ಕೂಸು, ಇಬ್ಬರೂ ಅರಾಮ್ ಇದ್ದಾರೆ ಅಂದಳು. ಅಳಿಯ ಓಡಿದ, ಬೀಗರು ಓಡಿದರು, ಮೇಣದಬತ್ತಿ ಹಿಡಿದುಕೊಂಡೇ ನಮ್ಮವರೂ ಓಡಿದರು. ಯಾರೂ ನನ್ನನ್ನು ಕರೆಯಲಿಲ್ಲ. ನಾನು ಫ್ಲಾಸ್ಕು ಹಿಡಿದು ಬಾಗಿಲ ಹೊರಗೆ ನಿಂತಿದ್ದೆ.

ಒಳಗೆ ಹೋಗಲು ಕಾಲೆತ್ತಿದವಳು ಹಾಗೇ ನಿಂತುಬಿಟ್ಟೆ. ಚಲೋ ಮಾಡ್ಯಾರ ಅಂತ ನಾನು ಒಪ್ಪಿದ ಕೊನೆಯಲ್ಲಿ ಇದೂ ಇತ್ತಲ್ಲ. ಆ ತಾಯಿ ಒಳಗೆ ಹೋಗುವುದಿಲ್ಲ. ನಾನು ಹೋದರೆ? ಒಪ್ಪಿದ್ದನ್ನು ಮುರಿದಂತಾಗಿ, ಆ ಮೊದಲ ಮಾತು ಮತ್ತೆ ಎದ್ದು ಬಂದರೆ? ಒಳಗೆ ಎಲ್ಲರ ನಗು ಕೇಳಿಸುತ್ತಿತ್ತು, ಕೂಸಿನ ಮೂಗು ಯಾರ ಹಾಗಿದೆ ಅಂತ ಚರ್ಚೆ ನಡೆದಿತ್ತು. ಇಷ್ಟೇ ಶಿಕ್ಷೆಯಾದರೆ ಸಸ್ತಾ ಆಯಿತು, ಹೊರಗೇ ಇರುತ್ತೇನೆ ಅಂತ ಗೋಡೆಗೆ ಬೆನ್ನು ಹಚ್ಚಿದೆ. ಮೊಮ್ಮಗಳ ಮುಖ ಹೇಗಿದೆಯೋ ಅಂತ ಜೀವ ಎಳೆಯುತ್ತಿತ್ತು. ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದನ್ನು ಆ ಸೀರೀಸಿನವರು ತೋರಿಸಿರಲಿಲ್ಲ.

ಆಗ ಒಳಗಿನಿಂದ ನೀಲಾಳ ದನಿ ಬಂತು. ದಣಿದ ದನಿ, ಆದರೆ ಸಿಟ್ಟು ನನ್ನದೇ.

"ಅವ್ವಾ, ಹೊರಗ ನಿಂತು ಏನ್ ಮಾಡ್ಲಿಕತ್ತಿ? ಚಾ ಆರತದ, ಬಾ ಒಳಗ."

ಈ ಮಾತು ಆ ಕಂತಿನಲ್ಲಿ ಇರಲಿಲ್ಲ. ಅಷ್ಟು ಸಲ ನೋಡಿದ್ದೇನೆ, ಇರಲೇ ಇಲ್ಲ. ಫ್ಲಾಸ್ಕನ್ನು ಎದೆಗವಚಿಕೊಂಡು, ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು, ಹೊಸ್ತಿಲ ಮೇಲೆ ಕಾಲಿಟ್ಟೆ.